ದೊರೆಸಾನಿ ದಿಬ್ಬ ಹತ್ತಿದ ಭಾನುವಾರ

ಅಷ್ಟು ದೊಡ್ಡ ರಾದ್ಧಾಂತಕ್ಕೆಲ್ಲ ಕಾರಣ ಅಂಗೈ ಅಗಲದ ಒಂದು ಹಿತ್ತಾಳೆ ತಗಡು ಎಂದರೆ ಇವತ್ತಿನವರು ನಂಬಲಿಕ್ಕಿಲ್ಲ. ಆದರೆ ಅರವತ್ತೊಂದನೆಯ ಇಸವಿಯ ಚಿನ್ನದ ಗಣಿ ಊರಿನಲ್ಲಿ ಚಿನ್ನವನ್ನು ಕಂಡವರು ಯಾರು? ಅದು ನೆಲದಿಂದ ಮೇಲೆ ಬಂದು, ಪೆಟ್ಟಿಗೆ ಸೇರಿ, ರೈಲು ಹತ್ತಿ ಹೋಗಿಬಿಡುತ್ತಿತ್ತು. ಊರಿನವರ ಕಣ್ಣಿಗೆ ಬೀಳುತ್ತಿದ್ದದ್ದು ಹಿತ್ತಾಳೆ ಮಾತ್ರ.

ಅದೇ ಗಣಿ ಊರಿನ ಊರಿಗಾಂ ಭಾಗದ ಹಳೇ ಮೋಟಾರು ಕ್ಲಬ್ಬಿನ ಒಳಗೋಡೆಯ ಮೇಲೆ ಒಂದು ತೇಗದ ಹಲಗೆ ಇತ್ತು. ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಕ್ಲಬ್ಬಿನ ಹಳೇ ಕಾರುಗಳೆಲ್ಲ ಮೈ ತೊಳೆಸಿಕೊಂಡು ಸಾಲಾಗಿ ಹೊರಡುತ್ತಿದ್ದವು. ಬೆಳಗ್ಗೆ ಬಂಗಾರಪೇಟೆಯಲ್ಲಿ ಕಾಫಿ, ಮಧ್ಯಾಹ್ನ ಕ್ಯಾಸಂಬಳ್ಳಿ ಕಡೆಯ ಕೆರೆ ಏರಿಯ ಮೇಲೆ ಊಟ, ಸಂಜೆ ಕೋರಮಂಡಲ್ ದಿಬ್ಬ ಹತ್ತಿ ವಾಪಸು. ಈ ಪೂರಾ ದಾರಿಯನ್ನು ಯಾರಿಂದಲೂ ತಳ್ಳಿಸಿಕೊಳ್ಳದೆ ಮುಗಿಸಿದ ಕಾರಿಗೆ ಹಲಗೆಯ ಮೇಲೆ ಒಂದು ಹಿತ್ತಾಳೆ ತಗಡು. ಅದರಲ್ಲಿ ಕಾರಿನ ನಂಬರು, ಮಾಲೀಕನ ಹೆಸರು, ಅದರ ಕೆಳಗೆ ಮಾಲೀಕ ಪ್ರೀತಿಯಿಂದ ಹೇಳಿದ ಇನ್ನೊಂದು ಹೆಸರು. ದೊರೆಗಳ ಕಾಲದಲ್ಲಿ ಆ ಜಾಗದಲ್ಲಿ ಹೆಂಡತಿಯ ಹೆಸರು ಕೆತ್ತಿಸುತ್ತಿದ್ದರು. ಇಬ್ಬರು ಮಾತ್ರ ನಾಯಿಯ ಹೆಸರು ಕೆತ್ತಿಸಿದ್ದರು.

ಮೂರು ಸಲ ತಪ್ಪಿದ ಕಾರನ್ನು ರಿಜಿಸ್ಟರಿನಿಂದ ಹೊಡೆದುಹಾಕುವುದೂ ದೊರೆಗಳ ಕಾನೂನೇ. ಗಣಿ ಸರ್ಕಾರದ ಕೈಗೆ ಬಂದು, ದೊರೆಗಳು ಹಡಗು ಹತ್ತಿ, ಅವರ ಬಂಗಲೆಗಳ ಗುಲಾಬಿ ತೋಟಕ್ಕೆ ಮೇಕೆಗಳು ನುಗ್ಗಿದ ಮೇಲೆ ಕ್ಲಬ್ಬು ನಮ್ಮವರ ಕೈಗೆ ಬಂತು. ಕಾನೂನು ಇನ್ನೂ ಬಿಗಿಯಾಯಿತು.

ಗಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಹಾಕುವ ಗುಮಾಸ್ತ ಕುಪ್ಪುಸ್ವಾಮಿಗೆ ಆ ಹಲಗೆಯ ಮೇಲೆ ಒಂದು ಹೆಸರು ಬೇಕಾಗಿತ್ತು. ಅವನದ್ದಲ್ಲ, ಅವನ ಅಪ್ಪನದ್ದು.

ಅಪ್ಪ ಮುನಿಶಾಮಿ ಇಪ್ಪತ್ತೆರಡು ವರ್ಷ ಪೆನ್‌ರೋಸ್ ದೊರೆಯ ಡ್ರೈವರಾಗಿದ್ದವನು. ಅಷ್ಟು ವರ್ಷವೂ ಕ್ಲಬ್ಬಿನ ಬಾಗಿಲವರೆಗೆ ಕಾರು ತಂದು ನಿಲ್ಲಿಸಿದ, ಮೆಟ್ಟಿಲ ಬಳಿ ಕಾದ, ಒಳಗೆ ಕಾಲಿಡಲಿಲ್ಲ. ದೊರೆ ಊರು ಬಿಡುವಾಗ ಕಾರಿನ ಕೀಲಿಯನ್ನು ಮುನಿಶಾಮಿಯ ಅಂಗೈಯಲ್ಲಿಟ್ಟು, ಬೆನ್ನು ತಟ್ಟಿ ಹೋದ. ಮುನಿಶಾಮಿ ಎರಡು ವರ್ಷ ಆ ಕಾರನ್ನು ದಿನಾ ಒರೆಸಿದ, ಆಮೇಲೆ ತೀರಿಕೊಂಡ. ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂರಲಿಲ್ಲ. "ಅದು ದೊರೆಸಾನಿ ಕೂರೋ ಜಾಗ," ಎನ್ನುತ್ತಿದ್ದ. ಹಾಗಾಗಿ ಗಣಿ ಕಾರ್ಮಿಕರ ಇಡೀ ಲೈನುಮನೆ ಸಾಲಿನಲ್ಲಿ ಆ ಕಾರಿಗೇ ದೊರೆಸಾನಿ ಎಂದು ಹೆಸರು ಬಿತ್ತು. ಅವನು ಕೂರದ ಸೀಟಿನಲ್ಲಿ ಹೆಂಡತಿ ಮಾರಿಯಮ್ಮನೂ ಕೂರಲಿಲ್ಲ.

ಕುಪ್ಪುಸ್ವಾಮಿ ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಸೋತಿದ್ದ. ಮೊದಲ ವರ್ಷ ಬಂಗಾರಪೇಟೆ ಸ್ಟೇಷನ್ನಿನ ಮುಂದೆ ದೊರೆಸಾನಿ ಒಂದು ಕೆಮ್ಮು ಕೆಮ್ಮಿ ನಿಂತಳು. ಅವನು ಕೆಳಗಿಳಿಯುವಷ್ಟರಲ್ಲಿ ರೈಲಿಳಿದ ಹನ್ನೊಂದು ಜನ ಟ್ರಾಮರುಗಳು, ಅಂದರೆ ಗಣಿಯೊಳಗೆ ಅದಿರು ತುಂಬಿದ ಟಬ್ಬುಗಳನ್ನು ತಳ್ಳುವವರು, ಕಾರನ್ನು ಅರ್ಧ ಫರ್ಲಾಂಗು ತಳ್ಳಿ ಕೈ ಝಾಡಿಸಿಕೊಂಡು ನಿಂತಿದ್ದರು. ಆ ಊರಿನ ಜನವೇ ಹಾಗೆ. ನಿಂತ ಚಕ್ರ ಕಂಡರೆ ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬಂಡಿಯಾಗಲಿ, ಬಸ್ಸಾಗಲಿ, ಯಾರದ್ದು ಏನು ಎಂದು ಕೇಳದೆ ಹೆಗಲು ಕೊಡುತ್ತಿದ್ದರು. ಈಗ ನೆನೆಸಿಕೊಂಡರೆ ಎದೆ ತುಂಬಿ ಬರುತ್ತದೆ. ಅವತ್ತು ಕುಪ್ಪುಸ್ವಾಮಿಗೆ ಅಳು ಬಂದಿತ್ತು. ಎರಡನೆಯ ವರ್ಷ ಕೋರಮಂಡಲ್ ದಿಬ್ಬದಲ್ಲಿ ಮತ್ತೆ ಅದೇ ಕತೆ.

ಇದು ಮೂರನೆಯದು, ಕಡೆಯದು. ಅಪ್ಪನ ಹೆಸರಿನ ಮಾತು ಎತ್ತಿದ್ದಕ್ಕೆ ಮಾರಿಯಮ್ಮ ಮೊದಲ ಬಾರಿ ಹಿಂದಿನ ಸೀಟಿಗೆ ಬರಲು ಒಪ್ಪಿದ್ದಳು. ಮದುವೆಯ ಸೀರೆ ಉಟ್ಟು, ಒಂದು ಕುಕ್ಕೆ ತುಂಬ ನಿಪ್ಪಟ್ಟು ಇಟ್ಟುಕೊಂಡು, ಹಬ್ಬದ ಜೋಡಿ ಕಬ್ಬನ್ನು ತಾನೇ ಕಾರಿನ ಹಿಂದಕ್ಕೆ ಕಟ್ಟಿದಳು.

"ಅಮ್ಮಾ, ಸರಿಯಾಗಿ ಕೇಳಿಸ್ಕೋ. ದಾರೀಲಿ ಯಾರೂ ಕಾರಿಗೆ ಕೈ ಹಾಕಬಾರ್ದು. ಒಂದು ಕೈ ಬಿದ್ರೂ ಅಪ್ಪನ ಹೆಸರು ಹೋಯ್ತು ಅಂತಲೇ ಲೆಕ್ಕ."

"ನಂಗೆ ಏಳಿಕೊಡ್ತೀಯೇನಪ್ಪಾ? ನಿಮ್ಮಪ್ಪ ಇಪ್ಪತ್ತೊರ್ಷ ಅದೇ ಏಳಿದ್ದು," ಎಂದಳು ಮಾರಿಯಮ್ಮ, ಸೀಟಿನ ತುದಿಯಲ್ಲಿ ಮೊಟ್ಟೆಯ ಮೇಲೆ ಕೂತಂತೆ ಕೂರುತ್ತ. "ನೀನು ಮುಂದೆ ನೋಡ್ಕಂಡು ಓಡ್ಸು. ಕೈ ಬೀಳದಂಗೆ ನಾನ್ ನೋಡ್ಕಂತೀನಿ."

ಅಮ್ಮನಿಗೆ ಕಾನೂನು ಇಷ್ಟು ಚೆನ್ನಾಗಿ ಅರ್ಥವಾದದ್ದು ಕುಪ್ಪುಸ್ವಾಮಿಗೆ ಸಮಾಧಾನ ಕೊಟ್ಟಿತು.

ಕ್ಲಬ್ಬಿನ ಮುಂದೆ ಒಂಬತ್ತು ಕಾರುಗಳು ಸಾಲಾಗಿದ್ದವು. ಎಲ್ಲಕ್ಕೂ ಮುಂದೆ ಅಧ್ಯಕ್ಷ ದೊಡ್ಡವೆಂಕಟಪ್ಪನವರ ಹಸಿರು ಕಾರು. ದೊಡ್ಡವೆಂಕಟಪ್ಪನವರು ಗಣಿಗೆ ಮರದ ದಿಮ್ಮಿ ಪೂರೈಸುವ ಕಂಟ್ರಾಕ್ಟರು. ದೊರೆಯೊಬ್ಬ ಬಿಟ್ಟುಹೋದ ಟೋಪಿಯನ್ನು ಹಾಕಿಕೊಂಡು ದೊರೆಗಿಂತ ಸೆಟೆದು ನಿಲ್ಲುತ್ತಿದ್ದರು. ಅವರ ಹೆಸರು ಹಲಗೆಯ ಮೇಲೆ ಐವತ್ತೇಳರಲ್ಲೇ ಹತ್ತಿತ್ತು.

"ಕುಪ್ಪುಸ್ವಾಮಿ, ಮೂರನೇ ಸಲ, ಜ್ಞಾಪಕ ಇರ್ಲಿ," ಎಂದರು. "ತಪ್ಪಿದ್ರೆ ರಿಜಿಸ್ಟರಿನಿಂದ ಹೊಡ್ದಾಕೋದೇ. ಕಾನೂನು ನಂದಲ್ಲ, ದೊರೆಗಳದ್ದು. ನಿಮ್ಮ ಗಾಡಿಗೆ ಸಾಕ್ಷಿಯಾಗಿ ಮೇಷ್ಟ್ರು ಬರ್ತಾರೆ."

ಮೇಷ್ಟ್ರು ಎಂದರೆ ನಿವೃತ್ತ ಹೆಡ್‌ಮೇಷ್ಟ್ರು ವೆಂಕಟರಾಯಪ್ಪನವರು. ಮೂವತ್ತೆರಡು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆ ಎಳೆದವರು, ನಿವೃತ್ತರಾದ ಮೇಲೆ ಗೆರೆ ಎಳೆಯಲು ಏನೂ ಸಿಗದೆ ಸೊರಗಿದ್ದರು. ಕೈಯಲ್ಲಿ ನೋಟುಬುಕ್ಕು ಹಿಡಿದು ಮುಂದಿನ ಸೀಟಿನಲ್ಲಿ ಕೂತ ಕೂಡಲೇ ಬರೆದರು: "ಬೆಳಿಗ್ಗೆ ಏಳು ಹತ್ತು. ಹೊರಟಿತು. ಹೊಗೆ ವಿಪರೀತ."

ಬಂಗಾರಪೇಟೆಯವರೆಗೆ ದೊರೆಸಾನಿ ಗೌರವಸ್ಥ ಮನೆತನದ ಹೆಣ್ಣಿನ ಹಾಗೆ ನಡೆದುಕೊಂಡಳು. ಚಳಿಗಾಲದ ಬಿಸಿಲು, ರಸ್ತೆಯ ಎರಡು ಕಡೆಯೂ ಹುಣಿಸೇಮರ, ಹಿಂದಿನ ದಿನದ ಹಬ್ಬಕ್ಕೆ ಕೊಂಬಿಗೆ ಬಣ್ಣ ಬಳಿಸಿಕೊಂಡ ಎತ್ತುಗಳು. ಮಾರಿಯಮ್ಮ ಕಂಡವರಿಗೆಲ್ಲ ಕೈ ಬೀಸಿದಳು. ಕಾಣದವರಿಗೂ ಬೀಸಿದಳು. ಕನ್ನಡಿಯಲ್ಲಿ ಅಮ್ಮನ ಮುಖ ನೋಡಿ ಕುಪ್ಪುಸ್ವಾಮಿ ಎರಡು ಸಲ ರಸ್ತೆ ತಪ್ಪಿದ.

ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು. ಕೋಲಾರದ ಕಡೆಯ ಪುಟ್ಟ ರೈಲು ಆತುರವಿಲ್ಲದೆ ದಾಟಿಹೋಯಿತು, ಗೇಟು ತೆರೆಯಿತು, ಮುಂದಿನ ಎಂಟು ಕಾರುಗಳು ಹೋದವು. ದೊರೆಸಾನಿ ಹೋಗಲಿಲ್ಲ.

ಕುಪ್ಪುಸ್ವಾಮಿ ಎಂಜಿನ್ನು ಚಾಲೂ ಮಾಡುವ ಹ್ಯಾಂಡಲು ಹಿಡಿದು ಕೆಳಗಿಳಿದ. ಹ್ಯಾಂಡಲು ತಿರುಗಿಸಲು ಮಾಲೀಕನಿಗೆ ಮಾತ್ರ ಅನುಮತಿಯಿತ್ತು. ಆದರೆ ಅವನು ಹ್ಯಾಂಡಲು ಚುಚ್ಚುವ ಮೊದಲೇ ಜಟಕಾ ಸ್ಟ್ಯಾಂಡಿನಿಂದ ಹತ್ತು ಜನ ತೋಳು ಮಡಿಸುತ್ತ ಬರುತ್ತಿದ್ದರು. ಅವರ ಮುಂದಾಳು ಜಟಕಾ ಸೀನಪ್ಪ.

"ಏನ್ ಸಾಮಿ, ನಿಂತೋಯ್ತಾ? ಬರ್ರಲಾ, ಒಂದ್ ಕೈ ಆಕಾನ!"

"ಬೇಡ! ಬೇಡ ಸೀನಪ್ಪಾ!" ಕುಪ್ಪುಸ್ವಾಮಿ ಓಡಿಹೋಗಿ ಕಾರಿನ ಹಿಂದೆ ಎರಡೂ ತೋಳು ಚಾಚಿ ನಿಂತ. "ತಳ್ಳಬಾರ್ದು!"

"ಯಾಕೆ?"

ತಗಡು, ಹಲಗೆ, ಕಾನೂನು ಎಂದು ಹೇಳುತ್ತ ನಿಂತರೆ ಸಂಜೆಯಾದೀತು. "ಬಣ್ಣ ಹಸಿ ಇದೆ!" ಎಂದುಬಿಟ್ಟ.

ಬಣ್ಣ ಹಸಿಯಿದೆ ಎಂದರೆ ಮುಟ್ಟಿ ನೋಡದೆ ಬಿಡುವ ಮನುಷ್ಯ ಇನ್ನೂ ಹುಟ್ಟಿಲ್ಲ. ಸೀನಪ್ಪ ತೋರುಬೆರಳಿಟ್ಟು ನೋಡಿ, "ಎಲ್ಲೈತೆ ಅಸಿ? ಒಣಗಿ ಒರ್ಷಾಯ್ತು," ಎಂದ. ಕುಪ್ಪುಸ್ವಾಮಿಯ ಜೀವ ಬಾಯಿಗೆ ಬಂತು. ಹಿಂದಿನ ಸೀಟಿನಿಂದ ಮಾರಿಯಮ್ಮ ತಲೆ ಹೊರಗೆ ಹಾಕಿ, "ಲೇ ಸೀನಾ, ಬೆರಳು ತೆಗೀಲಾ! ಗುರ್ತು ಬೀಳ್ತೈತೆ!" ಎಂದು ಗದರಿಸಿದಳು.

ಮೇಷ್ಟ್ರು ಕೆಳಗಿಳಿದು ಕನ್ನಡಕ ಸರಿಮಾಡಿಕೊಂಡು ಯೋಚಿಸಿದರು. "ಬೆರಳು ಇಟ್ಟದ್ದು ಪರೀಕ್ಷಾರ್ಥವಾಗಿ. ಚಲನೆಯ ಉದ್ದೇಶವಿಲ್ಲ," ಎಂದು ಹೇಳುತ್ತಲೇ ಬರೆದುಕೊಂಡರು: "ಬೆರಳು ಒಂದು. ಚಲನೆ ಸೊನ್ನೆ."

ಚಲನೆ ಆದದ್ದು ಆಮೇಲೆ. ಜನರನ್ನು ತಡೆಯುವ ಭರದಲ್ಲಿ ಸೀನಪ್ಪನ ಕುದುರೆಯನ್ನು ಯಾರೂ ಗಮನಿಸಿರಲಿಲ್ಲ. ಅದು ಜಟಕಾ ಸಮೇತ ಮೆಲ್ಲಗೆ ಬಂದು, ಮಾರಿಯಮ್ಮ ಕಟ್ಟಿದ್ದ ಕಬ್ಬಿಗೆ ಬಾಯಿ ಹಾಕಿ, ಕಚ್ಚಿ ಎಳೆಯಿತು. ದೊರೆಸಾನಿ ಒಂದು ಗಜ ಹಿಂದಕ್ಕೆ ಹೋದಳು.

"ಎಳೆಸಿಕೊಂಡಿತು!" ಎಂದರು ಮೇಷ್ಟ್ರು, ಪೆನ್ನು ಎತ್ತುತ್ತ.

"ಮೇಷ್ಟ್ರೇ, ದಮ್ಮಯ್ಯ! ಅದು ಕುದುರೆ!"

"ಪ್ರಾಣಿಯ ವಿಷಯ ಕಾನೂನಿನಲ್ಲಿ ಇಲ್ಲ, ನಿಜ." ಮೇಷ್ಟ್ರು ಬಹಳ ಹೊತ್ತು ಆಕಾಶ ನೋಡಿದರು. "ಅದಲ್ಲದೆ, ಎಳೆದದ್ದು ಹಿಂದಕ್ಕೆ. ಹಿಂದಕ್ಕೆ ಎಳೆದದ್ದನ್ನು ಸಹಾಯ ಎನ್ನಲಾಗುವುದಿಲ್ಲ. ಅದು ಉಪದ್ರವ. ಪಾಸು."

ಕಬ್ಬು ಕುದುರೆಯ ಪಾಲಾಯಿತು. ಇಪ್ಪತ್ತಮೂರನೆಯ ಸುತ್ತಿಗೆ ಹ್ಯಾಂಡಲು ಕಚ್ಚಿ, ದೊರೆಸಾನಿ ಸೀನಪ್ಪನ ಮುಖಕ್ಕೆ ಹೊಗೆ ಊದಿ ಹೊರಟಳು.

ಉಳಿದವರು ಬಂಗಾರಪೇಟೆಯಲ್ಲಿ ಕಾಫಿ ಮುಗಿಸಿ ಹೋಗಿಯಾಗಿತ್ತು. ಕುಪ್ಪುಸ್ವಾಮಿ ಅವರನ್ನು ಹಿಡಿಯಲು ಕ್ಯಾಸಂಬಳ್ಳಿ ದಾರಿಯಲ್ಲಿ ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಧಾವಿಸಿದ. ಕೆರೆಗೆ ಇನ್ನು ಒಂದೇ ಮೈಲಿ ಎನ್ನುವಾಗ ರಸ್ತೆಯೇ ಮಾಯವಾಯಿತು. ರಸ್ತೆಯ ಉದ್ದಕ್ಕೂ ಮಂಚದ ಎತ್ತರಕ್ಕೆ ಹುರುಳಿ ಗಿಡ ಹರಡಿದ್ದರು. ಆ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹೋಗುವ ಬರುವ ಬಸ್ಸು ಲಾರಿ ಅದರ ಮೇಲೆ ಹಾಯ್ದು ಕಾಳು ಉದುರಿಸಬೇಕು. ಮುಂದೆ ಹೋದ ಎಂಟು ಕಾರುಗಳು ಪಕ್ಕದ ಹೊಲಕ್ಕಿಳಿದು ತಪ್ಪಿಸಿಕೊಂಡಿದ್ದವು. ದೊರೆಸಾನಿ ನೇರ ನುಗ್ಗಿ, ನಡುವೆ ಬಳ್ಳಿಗಳನ್ನು ಚಕ್ರಕ್ಕೆ ಸುತ್ತಿಕೊಂಡು ನಿಂತಳು. ಎಂಜಿನ್ನು ಮಾತ್ರ ದೇವರ ದಯದಿಂದ ಓಡುತ್ತಿತ್ತು.

ಹುರುಳಿಯ ಒಡೆಯ ಅಶ್ವತ್ಥಪ್ಪ ಕವೆಗೋಲು ಹಿಡಿದು ಬಂದ, ಹಿಂದೆ ಅವನ ಹೆಂಡತಿ ಸರಸ್ವತಮ್ಮ, ಅವಳ ಹಿಂದೆ ಆರು ಜನ ಆಳುಗಳು.

"ನಡುಮಧ್ಯೆ ನಿಲ್ಲಿಸಿದ್ಯಲ್ಲಯ್ಯಾ! ಬರ್ರಲಾ, ಪಕ್ಕಕ್ಕೆ ತಳ್ಳಾಕಾನ ಇದನ್ನ!"

"ಅಯ್ಯಯ್ಯೋ, ಮುಟ್ಟಬೇಡಿ!" ಕುಪ್ಪುಸ್ವಾಮಿ ಹಾರಿ ಇಳಿದ. ಈ ಸಲ ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಕೈ ಮುಗಿದ. "ಅಶ್ವತ್ಥಪ್ಪನೋರೇ, ನಿಮ್ಮ ಕೈ ಇದಕ್ಕೆ ತಗುಲಿದ್ರೆ ಸತ್ತುಹೋದ ನಮ್ಮಪ್ಪನ ಹೆಸರಿಗೆ ಕುತ್ತು. ಬಳ್ಳಿ ನಾನೇ ಬಿಡಿಸ್ತೀನಿ. ಇನ್ನೇನು ಬೇಕಾದ್ರೂ ಕೇಳಿ."

ಅಶ್ವತ್ಥಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಏನು ಬೇಕಾದರೂ ಕೇಳಿ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. "ಬೆಳಗ್ಗಿಂದ ಒಂದು ಬಸ್ ಬಂದಿಲ್ಲ," ಎಂದ. "ಇದರ ಮೇಲೆ ಆ ಕಡೆಗೊಂದು ಈ ಕಡೆಗೊಂದು ಓಡಾಡ್ಸು. ಕಾಳೆಲ್ಲ ಉದುರೋ ಗಂಟ. ಯಾರೂ ಮುಟ್ಟಾಕಿಲ್ಲ ಓಗು."

ಹೀಗೆ ಪೆನ್‌ರೋಸ್ ದೊರೆಯ ಕಾರು ಆ ಮಧ್ಯಾಹ್ನ ಹುರುಳಿ ಒಕ್ಕಿತು. ಹೋಗುವುದು, ತಿರುಗುವುದು, ಬರುವುದು, ಪ್ರತಿ ಸುತ್ತಿಗೂ ಇಳಿದು ಬಳ್ಳಿ ಬಿಡಿಸುವುದು. ಮೂರನೆಯ ಸುತ್ತಿಗೆ ಮೇಷ್ಟ್ರು ತಲೆ ಸುತ್ತಿ ಕೆಳಗಿಳಿದು ಹುಣಿಸೇಮರದ ಕೆಳಗೆ ಕೂತು ಅಲ್ಲಿಂದಲೇ ಸಾಕ್ಷಿ ನುಡಿದರು. ಸರಸ್ವತಮ್ಮ ಮೇಷ್ಟ್ರಿಗೂ ಮಾರಿಯಮ್ಮನಿಗೂ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. "ಸೊಗಡವರೆ," ಎಂದು ಮೇಷ್ಟ್ರು ನೋಟುಬುಕ್ಕಿನಲ್ಲಿ ಬರೆದು, ಇದು ಅಲ್ಲಿಗೆ ಸಂಬಂಧಿಸಿದ್ದಲ್ಲ ಎಂದು ನೆನಪಾಗಿ ಹೊಡೆದುಹಾಕಿದರು.

ಮುಗಿಸುವ ಹೊತ್ತಿಗೆ ಕೆರೆ ಏರಿಯ ಮೇಲಿನ ಊಟ ಮುಗಿದು, ಕಾರುಗಳು ಊರ ಕಡೆ ಹೊರಟುಹೋಗಿದ್ದವು. ಕುಪ್ಪುಸ್ವಾಮಿ ನಿಂತೇ ಅರ್ಧ ಮುದ್ದೆ ನುಂಗಿದ. "ಒಂದ್ ನಿಪ್ಪಟ್ಟಾದ್ರೂ ಕೊಡಮ್ಮ," ಎಂದರೆ ಮಾರಿಯಮ್ಮ ಕುಕ್ಕೆಯ ಬಟ್ಟೆ ಬಿಗಿ ಮಾಡಿದಳು. "ಬೇಡಪ್ಪಾ, ದಾರೀಗೆ ಬೇಕಾಗ್ತೈತೆ."

ಬಿಸಿಲು ಇಳಿದು ಚಿನ್ನ ಸೋಸಿ ಸುರಿದ ಸೈನೈಡ್ ಮಣ್ಣಿನ ದಿಬ್ಬಗಳು ಹಳದಿಗೆ ತಿರುಗುವಾಗ ಅವರು ಕೋರಮಂಡಲ್ ಬುಡಕ್ಕೆ ಬಂದರು. ಆ ದಿಬ್ಬದ ರಸ್ತೆಯನ್ನು ಈಗ ಕಡಿದು ಸಪಾಟು ಮಾಡಿದ್ದಾರೆ. ಆಗ ಅದು ಗೋಡೆಗೆ ಒರಗಿಸಿದ ಏಣಿಯ ಹಾಗಿತ್ತು. ಕುಪ್ಪುಸ್ವಾಮಿ ಕಾರು ನಿಲ್ಲಿಸಿ ನೀರು ತರಲು ನಲ್ಲಿಯ ಕಡೆ ಹೋದ, ಮುಖ ತೊಳೆಯಲು ಮೇಷ್ಟ್ರೂ ಹಿಂದೆ ಹೋದರು. ಲೈನುಮನೆಗಳ ಮುಂದಿನ ಬೇವಿನ ಕಟ್ಟೆಯ ಮೇಲೆ ಭಾನುವಾರದ ಹರಟೆಗೆ ಕೂತಿದ್ದವರಲ್ಲಿ ಅವನ ಸೋದರಮಾವನ ಮಗ ಕೋದಂಡಪ್ಪನೂ ಇದ್ದ. ಗಣಿಯಲ್ಲಿ ಟ್ರಾಮರು, ಆಳು ಕಂಬದ ಹಾಗಿದ್ದ. ಕುಪ್ಪುಸ್ವಾಮಿ ನೀರು ಹಿಡಿದು ಬರುವಾಗ ಮಾರಿಯಮ್ಮ ಕಾರಿನಿಂದಲೇ ಅವನ ಕ್ಷೇಮ ಸಮಾಚಾರ ಕೇಳುತ್ತಿದ್ದಳು, ಹಬ್ಬದ ಎಳ್ಳುಬೆಲ್ಲ ಕೊಡುತ್ತಿದ್ದಳು.

"ಕೋದಂಡ, ದಯವಿಟ್ಟು ಯಾರೂ ಕೈ ಹಾಕಬೇಡ್ರಪ್ಪಾ," ಎಂದ ಕುಪ್ಪುಸ್ವಾಮಿ.

"ಅತ್ತೆ ಎಲ್ಲಾ ಏಳವ್ರೆ ಬಾವಾ. ಕೈ ಆಕಲ್ಲ. ನೀನು ಮುಂದೆ ನೋಡ್ಕಂಡು ಓಗು," ಎಂದ ಕೋದಂಡಪ್ಪ, ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಳ್ಳುತ್ತ.

ದೊರೆಸಾನಿ ಅರ್ಧ ದಿಬ್ಬ ಹತ್ತಿದಳು. ಅಲ್ಲಿ, ಹೋದ ವರ್ಷ ನಿಂತ ಅದೇ ಜಾಗದಲ್ಲಿ, ಎಂಜಿನ್ನಿನ ಸದ್ದು ಕ್ಷೀಣವಾಗುತ್ತ ಬಂತು. ಕಾರು ನಡುಗಿತು. ಹಿಂದೆ ಹೊಗೆ ಎಷ್ಟಿತ್ತೆಂದರೆ ಮೇಷ್ಟ್ರು ಪಕ್ಕದಿಂದ ತಲೆ ಹಾಕಿ ನೋಡಿದರೆ ಲೈನುಮನೆಗಳೇ ಕಾಣಲಿಲ್ಲ. ಕುಪ್ಪುಸ್ವಾಮಿ ಪೆಡಲಿನ ಮೇಲೆ ನಿಂತೇಬಿಟ್ಟ. "ಅಪ್ಪಾ, ಇದೊಂದು ಸಲ," ಎಂದು ಬಾಯಿಬಿಟ್ಟೇ ಬೇಡಿಕೊಂಡ. ಇಪ್ಪತ್ತೆರಡು ವರ್ಷ ಮೆಟ್ಟಿಲ ಬಳಿ ನಿಂತ ಅಪ್ಪನ ಖಾಕಿ ಬೆನ್ನು ಕಣ್ಣಿಗೆ ಕಟ್ಟಿತು.

ಕಾರು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಯಾರೋ ಕಂಕುಳಿಗೆ ಕೈ ಕೊಟ್ಟು ಎತ್ತಿದಂತೆ ಮೆಲ್ಲಗೆ, ಒಂದೇ ಸಮನೆ, ಮೇಲೇರಿತು.

"ನೋಡಿದ್ರಾ ಮೇಷ್ಟ್ರೇ! ಎಳೆತ ನೋಡಿದ್ರಾ!" ಕುಪ್ಪುಸ್ವಾಮಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಮೇಷ್ಟ್ರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೀಡಿಯ ವಾಸನೆ ಬಂದಂತಾಗಿ ಮೂಗರಳಿಸಿದರು. ಹಿಂದೆ ತಿರುಗಿದರೆ ಮಾರಿಯಮ್ಮ ಸೀಟಿನ ತುಂಬ ಕೂತು ಸೆರಗು ಹರಡಿಕೊಂಡಿದ್ದಳು. "ಕೈ ಸೊನ್ನೆ," ಎಂದು ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದರು.

ಕ್ಲಬ್ಬಿನಲ್ಲಿ ದೀಪ ಹಾಕಿದ್ದರು. ಎಂಟು ಕಾರುಗಳವರು ವರಾಂಡದಲ್ಲಿ ಎದ್ದು ನಿಂತು, ದೊರೆಸಾನಿ ತನ್ನ ಕಾಲ ಮೇಲೆ ತಾನೇ ಬರುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು. ದೊಡ್ಡವೆಂಕಟಪ್ಪನವರು ನೋಟುಬುಕ್ಕನ್ನು ಮೂರು ಸಲ ಓದಿದರು. ಬೆರಳು, ಕುದುರೆ, ಹುರುಳಿ ಎಲ್ಲದಕ್ಕೂ ಮೇಷ್ಟ್ರ ವಿವರಣೆ ಇತ್ತು. ಬೇರೆ ದಾರಿಯಿಲ್ಲದೆ ಕೈ ಕುಲುಕಿದರು.

"ಮೇಲೆ ನಿಮ್ಮ ಹೆಸರು. ಕೆಳಗೆ ಏನ್ ಕೆತ್ತಿಸ್ಬೇಕು?"

"ಮುನಿಶಾಮಿ, ಡ್ರೈವರ್," ಎಂದ ಕುಪ್ಪುಸ್ವಾಮಿ. 

 ಮೇಷ್ಟ್ರು ಮೊದಲು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಕುಪ್ಪುಸ್ವಾಮಿ ಹೊರಗೆ ಹೋಗಿ, ಗಂಡ ನಿಲ್ಲುತ್ತಿದ್ದ ಮೆಟ್ಟಿಲ ಬಳಿಯೇ ನಿಂತಿದ್ದ ಅಮ್ಮನನ್ನು ಕೈ ಹಿಡಿದು ಒಳಗೆ ಕರೆತಂದ. ಮಾರಿಯಮ್ಮ ಚಪ್ಪಲಿ ಬಿಟ್ಟು, ದೇವಸ್ಥಾನದಲ್ಲಿ ನಿಂತಂತೆ ಹಲಗೆಯ ಮುಂದೆ ನಿಂತಳು. ಖಾಲಿ ಕುಕ್ಕೆ ಕಂಕುಳಲ್ಲೇ ಇತ್ತು.

"ಎರಡು ಮಾತು ಹೇಳಮ್ಮ," ಎಂದರು ದೊಡ್ಡವೆಂಕಟಪ್ಪನವರು, ದೊಡ್ಡತನ ತೋರಿಸುವ ಹುಮ್ಮಸ್ಸಿನಲ್ಲಿ. ಆ ಸಂಜೆ ಅವರು ಮಾಡಿದ ತಪ್ಪು ಅದೊಂದೇ.

"ನಂಗೆಲ್ಲಿ ಮಾತು ಬತ್ತೈತೆ ಸಾಮಿ," ಎಂದು ಮಾರಿಯಮ್ಮ ಶುರುಮಾಡಿದಳು. "ನಮ್ಮೆಜಮಾನ್ರು ಇದ್ದಿದ್ರೆ ಮೊದ್ಲು ಕಾರಿನ ಇಂದ್ಗಡೆ ಓಗಿ ನೋಡೋರು. ಬೇಕಾದ್ರೆ ನೀವೇ ದೀಪ ಇಡ್ದು ನೋಡಿ, ಒಂದು ಅಂಗೈ ಗುರ್ತಿಲ್ಲ! ಬಣ್ಣದ ಮ್ಯಾಲೆ ಕೈ ಗುರ್ತು ಬಿದ್ರೆ ದೊರೆ ಕುಣಿದಾಡ್ಬಿಡೋರು. ಅದುಕ್ಕೇ ನಮ್ಮ ಕೋದಂಡನಿಗೆ ಏಳಿದ್ದು: ಲೇ, ದಿಬ್ಬದಾಗೆ ಕೈ ಆಕ್ಬೇಡ್ರಿ ಕಣ್ಲಾ, ಟಬ್ಬಿಗೆ ಕೊಡೋ ಅಂಗೆ ಬೆನ್ನು ಕೊಡಿ ಅಂತ. ಪಾಪ, ಆರು ಜನ ಟವಲು ಮಡ್ಸಿ ಆಕ್ಕಂಡು ಬೆನ್ನು ಕೊಟ್ಟವ್ರೆ. ಏಲೇಲೋ ಅನ್ನದೇ, ಉಸುರು ಬಿಡದೇ! ಕುಕ್ಕೆ ನಿಪ್ಪಟ್ಟೆಲ್ಲ ಅವ್ರಿಗೇ ಕೊಟ್ಬಿಟ್ಟೆ."

 ಮೇಷ್ಟ್ರ ಪೆನ್ನು ಕೆಳಗೆ ಬಿತ್ತು. ಗಣಿಯ ತಗ್ಗು ಸುರಂಗಗಳಲ್ಲಿ ಟ್ರಾಮರುಗಳು ತಿರುಗಿ ನಿಂತು, ಕಾಲು ನೆಲಕ್ಕೆ ಊರಿ, ಬೆನ್ನಿನಿಂದಲೇ ಟಬ್ಬು ತಳ್ಳುತ್ತಾರೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕುಪ್ಪುಸ್ವಾಮಿ ಕಣ್ಣು ಮುಚ್ಚಿಕೊಂಡ.

"ಬೆನ್ನು ಕೊಟ್ರಾ?" ಎಂದರು ದೊಡ್ಡವೆಂಕಟಪ್ಪನವರು.

"ಊಂ, ಮತ್ತೆ? ಪೆನ್‌ರೋಸ್ ದೊರೆ ಕಾಲದಾಗೂ ಅಂಗೇ ಅಲ್ವಾ?" ಮಾರಿಯಮ್ಮ ಹಲಗೆಯ ಮೇಲ್ತುದಿಯಲ್ಲಿ ಕಪ್ಪಾಗಿದ್ದ ಮೊಟ್ಟಮೊದಲ ತಗಡನ್ನು ತೋರಿಸಿದಳು. "ಅದು ಅವ್ರದೇ ತಾನೆ? ನಮ್ಮನೆಯೋರು ಓಡ್ಸಿದ್ದು, ನಮ್ಮಣ್ಣ ಮತ್ತೆ ಅವನ ಜೊತೆಯೋರು ಬೆನ್ನು ಕೊಟ್ಟಿದ್ದು. ಈ ಉಪಾಯ ಕಂಡಿಡ್ದಿದ್ದೇ ನಮ್ಮನೆಯೋರು. ದೊರೆ ಮುಂದೆ ನೋಡ್ಕಂಡು ಪೈಪು ಸೇದ್ತಿದ್ರಂತೆ. ಆ ದಿಬ್ಬಾನ ಯಾವ ಕಾರು ಸಾಮಿ ತಾನೇ ತಾನಾಗಿ ಅತ್ತೈತೆ? ಈ ತಗಡೆಲ್ಲಾ ನಮ್ಮ ಲೈನಿನೋರ ಬೆನ್ನೇ. ತಮ್ಮ ಅಸ್ರು ಕಾರಿಗೆ ಆ ಒರ್ಷ ನಮ್ಮ ಕೋದಂಡನೇ..."

"ಸಾಕಮ್ಮ, ಸಾಕು!" ದೊಡ್ಡವೆಂಕಟಪ್ಪನವರಿಗೆ ಭಾರಿ ಕೆಮ್ಮು ಬಂತು. "ಯಾರಲ್ಲಿ, ಆಯಮ್ಮನಿಗೆ ಕಾಫಿ ಕೊಡ್ರೋ. ಕಮಿಟಿಯವರು ಒಳಗೆ ಬನ್ನಿ."

ಕಮಿಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು, ಐದು ನಿಮಿಷದಲ್ಲಿ ಹೊರಗೆ ಬಂತು. ಮೂರು ನಿರ್ಣಯಗಳಾಗಿದ್ದವು. ಒಂದು, ಹಲಗೆಯ ಮೇಲಿರುವ ತಗಡುಗಳು ಇದ್ದಂತೆಯೇ ಇರತಕ್ಕದ್ದು. ಆ ಬಗ್ಗೆ ಇಂದು ಆಡಿದ ಮಾತು ಕಡತಕ್ಕೆ ಹೋಗತಕ್ಕದ್ದಲ್ಲ. ಎರಡು, ಕಾನೂನಿನಲ್ಲಿ ಇನ್ನು ಮುಂದೆ ಕೈಯ ಜೊತೆಗೆ ಬೆನ್ನನ್ನೂ, ಕುದುರೆಯನ್ನೂ ಸೇರಿಸತಕ್ಕದ್ದು. ಮೂರು, ಮೂರನೆಯ ಬಾರಿಯೂ ತಪ್ಪಿದ ಕಾರಣ ಕುಪ್ಪುಸ್ವಾಮಿಯವರ ಕಾರನ್ನು ರಿಜಿಸ್ಟರಿನಿಂದ ಹೊಡೆದುಹಾಕತಕ್ಕದ್ದು.

"ಕಾನೂನು ನಂದಲ್ಲ," ಎಂದರು ದೊಡ್ಡವೆಂಕಟಪ್ಪನವರು. ಟೋಪಿ ತೆಗೆದಿದ್ದರು. ಕುಪ್ಪುಸ್ವಾಮಿಯ ಮುಖ ನೋಡಲಿಲ್ಲ.

ಕುಪ್ಪುಸ್ವಾಮಿ ಅಮ್ಮನನ್ನು ಕರೆದುಕೊಂಡು ಮೆಟ್ಟಿಲಿಳಿದ.  ಬೆಳಗ್ಗಿನಿಂದ ಸೀನಪ್ಪನನ್ನು ತಡೆದ, ಕುದುರೆ ಎಳೆದದ್ದಕ್ಕೆ ಮೇಷ್ಟ್ರಿಗೆ ದಮ್ಮಯ್ಯ ಎಂದ, ಅಶ್ವತ್ಥಪ್ಪನ ಇಡೀ ಹುರುಳಿ ಒಕ್ಕಿಕೊಟ್ಟ. ಹಿಂದಿನ ಸೀಟಿನಲ್ಲಿ ಕೂತಿದ್ದವಳನ್ನು ತಡೆಯಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಸಿಟ್ಟು ಬಂತು. ಅವಳ ಮುಖ ನೋಡಿದ, ಸಿಟ್ಟು ಹೋಯಿತು.

"ಒಳಗೆ ಏನಂದ್ರಪ್ಪಾ? ನಾನೇನಾರ ತಪ್ಪಾಗಿ ಏಳ್ಬಿಟ್ನಾ?"

"ಇಲ್ಲಮ್ಮಾ."

"ನಿಮ್ಮಪ್ಪನ ಎಸ್ರು ಯಾವಾಗ ಆಕ್ತಾರಂತೆ?"

ಕುಪ್ಪುಸ್ವಾಮಿ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದ. "ಮೊದಲ್ನೇ ತಗಡೇ ಅಪ್ಪಂದು ಅಂತ ಗೊತ್ತಾಯ್ತಲ್ಲ ಅಮ್ಮಾ. ಒಬ್ಬರಿಗೆ ಎರಡು ಹಾಕಲ್ವಂತೆ."

"ಅಂಗನ್ನು ಮತ್ತೆ!" ಎಂದಳು ಮಾರಿಯಮ್ಮ. ಪರಮ ತೃಪ್ತಿಯಿಂದ ಹಿಂದಿನ ಸೀಟಿಗೆ ಹತ್ತಿ, ಈ ಸಲ ತುದಿಯಲ್ಲಲ್ಲ, ಚೆನ್ನಾಗಿ ಒರಗಿ ಕಾಲು ಚಾಚಿ ಕೂತಳು.

ಕುಪ್ಪುಸ್ವಾಮಿ ಹ್ಯಾಂಡಲು ತಿರುಗಿಸಿದ. ದೊರೆಸಾನಿ ಮಿಸುಕಲಿಲ್ಲ. ಮತ್ತೆ ತಿರುಗಿಸಿದ. ಸಂಜೆಯ ಸಿನಿಮಾ ಬಿಟ್ಟು ಲೈನುಮನೆಗಳ ಕಡೆ ನಡೆದು ಹೋಗುತ್ತಿದ್ದ ಜನ ನಿಂತ ಚಕ್ರ ಕಂಡು ರಸ್ತೆ ಬಿಟ್ಟು ಇತ್ತ ತಿರುಗಿದರು. ತಮಿಳು, ತೆಲುಗು, ಕನ್ನಡದಲ್ಲಿ "ಏನಾಯ್ತು" ಎಂದು ಕೇಳುತ್ತ ಬಂದರು. ಅಭ್ಯಾಸಬಲದಿಂದ ಕುಪ್ಪುಸ್ವಾಮಿ ಓಡಿಹೋಗಿ ಎರಡೂ ತೋಳು ಚಾಚಿ ಕಾರಿನ ಹಿಂದೆ ನಿಂತ. ಆಮೇಲೆ ನೆನಪಾಗಿ ತೋಳು ಇಳಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೇಷ್ಟ್ರು ವೆಂಕಟರಾಯಪ್ಪನವರು ನೋಟುಬುಕ್ಕನ್ನು ಜೇಬಿಗೆ ತುರುಕಿ, ಪಂಚೆ ಎತ್ತಿ ಕಟ್ಟಿ, ಎಲ್ಲರಿಗಿಂತ ಮೊದಲು ಕೈ ಹಾಕಿದರು. ಹದಿನೈದು ಇಪ್ಪತ್ತು ಜನರ ಕೈ ಬಿತ್ತು. "ಏಲೇಲೋ" ಎಂಬ ಕೂಗೆದ್ದು, ದೊರೆಸಾನಿ ಕ್ಲಬ್ಬಿನ ಅಂಗಳದಿಂದ ಮೆರವಣಿಗೆಯಲ್ಲಿ ಹೊರಟಳು.

ಒಳಗಿನಿಂದ ಮಾರಿಯಮ್ಮ ತಲೆ ಹೊರಗೆ ಹಾಕಿ ಬೊಬ್ಬೆ ಹೊಡೆದಳು: "ಬೆನ್ನು ಕೊಡ್ರಲಾ, ಬೆನ್ನು! ಅಂಗೈ ಗುರ್ತು ಬಿದ್ರೆ ನಾಳೆ ಒರೆಸೋರು ಯಾರು?"